ತೋಡಿನ ಹೂಳನ್ನೇ ನೀರೆಂದು ಅಳೆಯುವ ಮಾಪಕ ಮಹಾಶಯರಿಗೆ

ಕುಲಶೇಖರದ ತೋಡಿನ ದಂಡೆಯಲ್ಲಿ ಕಬ್ಬಿಣದ ಕಂಬವೇರಿ, ತಲೆಯ ಮೇಲೆ ಸೋಲಾರ್ ಫಲಕದ ಕೊಡೆ ಹಿಡಿದು, ಹಗಲೂ ಇರುಳೂ ಕೆಳಗೆ ದೃಷ್ಟಿ ನೆಟ್ಟಿರುವ ಮಾನ್ಯ ಜಲಮಾಪಕ ಯಂತ್ರದವರೇ,

ತಮ್ಮ ಕಂಬದ ಬುಡದಲ್ಲಿ ನಿಂತು ಕೈಮುಗಿಯುತ್ತಿರುವ ನಾನು ವಿನೋದಾ, ಇದೇ ತೋಡಿನ ಕೊನೆಯಲ್ಲಿ ಬಸಳೆ, ಹರಿವೆ ಸೊಪ್ಪು ಬೆಳೆಸುವವಳು. ತಾವು ಕ್ಷೇಮವೆಂದು ತಮ್ಮ ಕೆಂಪು ದೀಪ ಮಿಣುಕುವುದರಿಂದ ತಿಳಿದೆ. ನಮ್ಮ ಕ್ಷೇಮವನ್ನಂತೂ ತಾವೇ ದಿನಾ ಬೆಳಿಗ್ಗೆ ನನ್ನ ಮೊಬೈಲಿಗೆ ತಿಳಿಸುತ್ತಿದ್ದೀರಿ: “ನಿಮ್ಮ ಪಾಲಿನ ನೀರು ಪೂರ್ಣವಾಗಿ ತಲುಪಿದೆ. ಧನ್ಯವಾದಗಳು.” ತಮ್ಮ ಧನ್ಯವಾದ ತಲುಪಿದೆ. ನೀರು ಮಾತ್ರ ಬಂದಿಲ್ಲ.

ತಾವು ಊರಿಗೆ ಹೊಸಬರಾದ್ದರಿಂದ ಹಿಂದಿನ ಕಥೆ ಅರಿಕೆ ಮಾಡಬೇಕು. ಮೇಲಿನ ಗುಡ್ಡ ಕಡಿದು ಲೇಔಟ್ ಮಾಡಿದಂದಿನಿಂದ ಒಂದು ಮಳೆ ಬಿದ್ದರೆ ಸಾಕು, ಕೆಂಪು ಮಣ್ಣು ಇಳಿದು ಬಂದು ತೋಡು ಹೂಳುತ್ತದೆ. ಅದಕ್ಕೇ ನಾನೂ ಪಕ್ಕದ ಗದ್ದೆಯ ಕಿನ್ನಿಯಕ್ಕನೂ ಕಚೇರಿಗೆ ಅರ್ಜಿ ಕೊಟ್ಟೆವು. ‘ವಿಷಯ’ ಎಂಬಲ್ಲಿ ಚುಟುಕಾಗಿ ‘ಕುಲಶೇಖರ ತೋಡು’ ಎಂದು ಬರೆದೆವು. ನಮ್ಮಲ್ಲಿ ತೋಡು ಎಂದರೆ ನೀರು ಹರಿಯುವ ಸಣ್ಣ ಕಾಲುವೆ, ಎಳೆ ಮಕ್ಕಳಿಗೂ ಗೊತ್ತು. ಆದರೆ ಆಗಷ್ಟೇ ಘಟ್ಟದ ಮೇಲಿನಿಂದ ವರ್ಗವಾಗಿ ಬಂದಿದ್ದ ಎಂಜಿನಿಯರ್ ಸಾಹೇಬರ ಊರಿನಲ್ಲಿ ತೋಡು ಎಂದರೆ ‘ಅಗೆ’ ಎಂಬ ಅಪ್ಪಣೆ. ವಿಷಯದಿಂದ ಕೆಳಗಿರುವುದನ್ನು ಓದುವ ಕೆಟ್ಟ ಚಾಳಿ ಅವರಿಗಿರಲಿಲ್ಲ. ಜೆಸಿಬಿ ಬಂತು, ತೋಡಿತು. ಕಾಲುವೆಯ ನಟ್ಟನಡುವೆ ಎಮ್ಮೆ ಮುಳುಗುವಷ್ಟು ಆಳದ ಹೊಂಡವಾಯಿತು. “ಎಂತ ಮಾರಾಯ್ತಿ ಇದು? ನಾವು ಬಾವಿ ಕೇಳಿದ್ದುಂಟಾ?” ಎಂದು ಕಿನ್ನಿಯಕ್ಕ ತಲೆಯ ಮೇಲೆ ಕೈಹೊತ್ತು ದಂಡೆಯಲ್ಲಿ ಕುಳಿತುಬಿಟ್ಟರು.

ಮಾನ್ಯರೇ, ಆ ಹೊಂಡದ ಗುಣವನ್ನು ಎಷ್ಟು ಹೊಗಳಲಿ! ಓಡಿ ಬಂದ ನೀರು ಅಲ್ಲಿ ಸ್ವಲ್ಪ ದಣಿವಾರಿಸಿಕೊಳ್ಳುತ್ತಿತ್ತು, ಹೊತ್ತು ತಂದ ಮಣ್ಣು ತಳ ಸೇರುತ್ತಿತ್ತು, ತಿಳಿನೀರು ಮೇಲಿಂದ ನಮ್ಮ ಗದ್ದೆಗೆ ಹರಿಯುತ್ತಿತ್ತು. ಸಾಹೇಬರ ಇಡೀ ಸೇವಾವಧಿಯಲ್ಲಿ ಅದಕ್ಕಿಂತ ಒಳ್ಳೆಯ ಕಾಮಗಾರಿ ಆಗಿರಲಾರದು. ಅದು ತಪ್ಪಿ ಆದದ್ದು ಎಂಬುದೊಂದೇ ಅದರ ದೋಷ. ಹೊಂಡ ತುಂಬಿದಾಗ ನಾವೇ ಮಣ್ಣು ಬಾಚಿ ಬಸಳೆಯ ಬುಡಕ್ಕೆ ಹಾಕುತ್ತಿದ್ದೆವು. ಬಿಕರ್ನಕಟ್ಟೆಯ ಚರ್ಚಿನಲ್ಲಿ ಪ್ರಾರ್ಥನೆ ಮುಗಿಸಿದ ಜನ ಸೀದಾ ಕಿನ್ನಿಯಕ್ಕನ ಸೊಪ್ಪಿನ ಬುಟ್ಟಿಗೆ ಬರುತ್ತಿದ್ದರು. “ಉಳ್ಳಾಲದ ಸಿಗಡಿಗೆ ನಿಮ್ಮ ಬಸಳೆಯೇ ಆಗಬೇಕು, ಇಲ್ಲದಿದ್ರೆ ಸಿಗಡಿಗೇ ಅವಮಾನ” ಎನ್ನುತ್ತಿದ್ದರು ನಮ್ಮ ಖಾಯಂ ಗಿರಾಕಿ ವೆರೋನಿಕಾ ಬಾಯಿ.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಸಾಹೇಬರಿಗೆ ತೋಡು ಎಂದರೆ ಏನೆಂದು ಹೇಳಿಕೊಟ್ಟರು. ಅವರ ನಾಲಿಗೆ ಬಿದ್ದುಹೋಗ! ತಪ್ಪು ತಿದ್ದಿಕೊಳ್ಳುವ ಅಪರೂಪದ ಸದ್ಗುಣ ಸಾಹೇಬರಿಗೆ ಆಗಲೇ ಬರಬೇಕಿತ್ತೇ? ಹೊಂಡಕ್ಕೆ ಜಲ್ಲಿ ಸುರಿದು, ಕಾಂಕ್ರೀಟ್ ಹಾಸಿ, ಅದರ ಪಕ್ಕದಲ್ಲೇ ತಮ್ಮನ್ನು ಪ್ರತಿಷ್ಠಾಪಿಸಿದರು. ಒಡೆಯುವ ತೆಂಗಿನಕಾಯಿಯನ್ನೂ ನಮ್ಮಿಂದಲೇ ತರಿಸಿದರು.

ತಾವು ಮೇಲಿಂದ ನೋಡಿ, ಕೆಳಗಿರುವುದು ಎಷ್ಟು ಹತ್ತಿರ ಬಂದಿದೆ ಎಂಬುದರ ಮೇಲೆ ತೋಡಿನ ನೀರು ಲೆಕ್ಕ ಹಾಕುವವರಂತೆ. ಹೊಂಡವಿಲ್ಲದ ಕಾರಣ ಎರಡು ಬೇಸಿಗೆ ಮಳೆಗೇ ತಮ್ಮ ಕೆಳಗೆ ಮಣ್ಣಿನ ದಿಬ್ಬ ಎದ್ದಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ, ತಮ್ಮ ಕಣ್ಣಿಗೆ ಕಂಡದ್ದೆಲ್ಲ ನೀರು. ತೋಡು ತುಂಬಿತೆಂದು ತಾವು ಸಾರಿದಿರಿ. ತಮ್ಮ ಮಾತನ್ನು ನಂಬಿ ಮೇಲೆ ತೋಡಿಗೆ ನೀರು ಬಿಡುವ ಕಟ್ಟದ ಬಾಗಿಲು ತನ್ನಷ್ಟಕ್ಕೇ ಮುಚ್ಚಿಕೊಂಡಿತು, ಇವತ್ತಿಗೂ ತೆರೆದಿಲ್ಲ. ಮೊನ್ನೆ ಆ ದಿಬ್ಬದ ಮೇಲೆ ಬೀದಿನಾಯಿಯೊಂದು ಬಂದು ಮಲಗಿದಾಗ ನನ್ನ ಮೊಬೈಲಿಗೆ ನೆರೆಯ ಎಚ್ಚರಿಕೆ ಬಂತು. ನಾಯಿ ಎದ್ದುಹೋದ ಮೇಲೆ ನೆರೆ ಇಳಿಯಿತು.

ಇತ್ತ ಚಪ್ಪರದಲ್ಲಿ ಬಸಳೆ ಜೋತುಬಿದ್ದಿದೆ. ನನಗೆ ಹೇಗೋ ನಡೆದೀತು, ಕಿನ್ನಿಯಕ್ಕನಿಗೆ ಆ ಬುಟ್ಟಿಯೇ ಅನ್ನ. ಮನೆಯ ಬಾವಿಯಿಂದ ಕೊಡಪಾನದಲ್ಲಿ ಹೊತ್ತು ಹಾಕುತ್ತಿದ್ದರು, ಈಗ ಬಾವಿಯ ತಳವೂ ಕಾಣುತ್ತಿದೆ. ಇನ್ನು ಕೆಲವು ದಿನ ಹೀಗೇ ಆದರೆ ಬಳ್ಳಿಯ ಬೇರೇ ಒಣಗುತ್ತದೆ. ನನಗೆ ಹೊಟ್ಟೆ ಉರಿಯುತ್ತದೆ, ಮಾನ್ಯರೇ, ಸುಳ್ಳು ಯಾಕೆ ಹೇಳಲಿ. ಕಚೇರಿಗೆ ಹೋದೆವು. “ಯಂತ್ರ ಸುಳ್ಳು ಹೇಳಲ್ಲ ಕಣಮ್ಮಾ” ಎಂದು ಸಾಹೇಬರು, ಮೊಬೈಲಿಗೆ ಬಂದ ತಮ್ಮ ಸಂದೇಶವನ್ನೇ ನಮಗೆ ತೋರಿಸಿದರು. ಕಿನ್ನಿಯಕ್ಕ ಬಾಡಿದ ಬಳ್ಳಿಯನ್ನು ಮೇಜಿನ ಮೇಲಿಟ್ಟು, “ಇದು ಸುಳ್ಳು ಹೇಳ್ತದಾ ಸಾರ್?” ಎಂದು ಕೇಳಿದರು. ಫೈಲಿಗೆ ಮಣ್ಣಾಗುತ್ತದೆ, ತೆಗೆಯಿರಿ ಎಂದರು ಸಾಹೇಬರು. ತೋಡಿನ ಮಣ್ಣಿನ ಬಗ್ಗೆ ಅವರು ತೋರಿಸಿದ ಕಾಳಜಿ ಅಷ್ಟೇ.

ಆದ್ದರಿಂದ ನೇರವಾಗಿ ತಮ್ಮಲ್ಲೇ ಬಿನ್ನಹ. ಒಮ್ಮೆ ಕಂಬದಿಂದಿಳಿದು ತಾವು ಅಳೆದ ನೀರಿನಲ್ಲಿ ಕಾಲು ಅದ್ದಿ ನೋಡಬೇಕು; ಪಾದ ಒದ್ದೆಯಾಗದಿದ್ದರೆ, ಅಲ್ಲಿಯೇ ಹಾರೆ ಇಟ್ಟಿದ್ದೇನೆ, ಕೈಲಾದಷ್ಟು ಹೂಳು ತೆಗೆಯಬೇಕು. ಅದಾಗದಿದ್ದರೆ ನಾಳೆಯಿಂದ ಬಸಳೆಗೇ ಸಂದೇಶ ಕಳಿಸಿ; ಓದಿಯಾದರೂ ಅದು ಚಿಗುರೀತು.

ತಾವು ಪೂರ್ಣವಾಗಿ ತಲುಪಿಸಿದ ನೀರಿನಲ್ಲಿ ಬಸಳೆಯ ಆಸೆಗೆ ಎಳ್ಳುನೀರು ಬಿಡಲು ಕಾದಿರುವ
ತಮ್ಮ ವಿಶ್ವಾಸಿ,
ವಿನೋದಾ

ವಿ.ಸೂ: ಹೇಳಲು ಮರೆತಿದ್ದೆ, ಸಾಹೇಬರಿಗೆ ವರ್ಗವಾಗಿದೆ, ಬರುವವರೂ ಘಟ್ಟದ ಮೇಲಿನವರೇ ಅಂತೆ. ಕಚೇರಿಯವರು ನಂಬುವುದು ತಮ್ಮನ್ನು ಮಾತ್ರವಾದ್ದರಿಂದ, ಹೊಸ ಸಾಹೇಬರಿಗೆ ಯಾರಾದರೂ ನಮ್ಮ ಊರಿನ ಮಾತು ಕಲಿಸುವ ಮೊದಲೇ ತಾವು ಒಂದೇ ಪದದ ಸಂದೇಶ ಕಳಿಸಿ: ‘ತೋಡು’. ಜೆಸಿಬಿ ಬಂದಾಗ ಎಲ್ಲಿಂದ ಶುರುಮಾಡಬೇಕೆಂದು, ತಮ್ಮ ಕಂಬದ ಬುಡಕ್ಕೆ ಬೆರಳು ಮಾಡಿ, ನಾನೇ ತೋರಿಸುತ್ತೇನೆ.