ಕಾಣದ ಹೂವಿನ ಕಾಕಾ

ನಮ್ಮ ಕಾಕಾ ಮನೆಗೆ ಬರುವ ಮೊದಲು ಫೋನು ಮಾಡುವುದಿಲ್ಲ. ಮಾಡುವ ಅಗತ್ಯವೂ ಇಲ್ಲ! ಅವರಿನ್ನೂ ಓಣಿಯ ತಿರುವಿನಲ್ಲಿರುವಾಗಲೇ ಅವರ ಸೆಂಟು ಎರಡು ಮಹಡಿ ಹತ್ತಿ, ಬಾಗಿಲ ಸಂದಿಯಲ್ಲಿ ನುಸುಳಿ, ನಮ್ಮ ಸೋಫಾದ ಮೇಲೆ ಕುಳಿತುಬಿಟ್ಟಿರುತ್ತದೆ. ನನ್ನ ಹೆಂಡತಿ ಚಹಾಕ್ಕೆ ನೀರಿಟ್ಟು ಸಕ್ಕರೆ ಹಾಕುವ ಹೊತ್ತಿಗೆ ಹಿಂದಿನಿಂದ ಕಾಕಾ ಬರುತ್ತಾರೆ. ಎಪ್ಪತ್ತು ದಾಟಿದ, ಧೋತರ ಉಡುವ, ಬಿಳಿ ಟೋಪಿ ಹಾಕುವ, ಪುಣೆಯ ಸದಾಶಿವ ಪೇಠೆಯಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುವ ವಿಜಯಪುರದ ಕಡೆಯ ಮನುಷ್ಯನಿಗೆ ಹೆಂಗಸರ ಸೆಂಟು ಏಕೆ? ನೀವು ಕೇಳುವ ಮೊದಲೇ ಇಡೀ ಪೇಠೆ ಈ ಪ್ರಶ್ನೆ ಕೇಳಿ ದಣಿದಿದೆ.

ಅದನ್ನು ಕೊಳ್ಳಲು ಹೋದಾಗ ಜೊತೆಗೆ ನಾನೇ ಇದ್ದೆ. ಅಂಗಡಿಯ ಹುಡುಗಿ ಕಾಗದದ ಪಟ್ಟಿಗೆ ಸೆಂಟು ಸಿಂಪಡಿಸಿ ಒಂದೊಂದಾಗಿ ಮುಂದೆ ಹಿಡಿದಳು. ಮಲ್ಲಿಗೆ? "ಬ್ಯಾಡ." ಗುಲಾಬಿ? "ಬ್ಯಾಡ." ಕೇದಗೆ? "ಅದಂತೂ ಬ್ಯಾಡs ಬ್ಯಾಡ!" ಉತ್ಸಾಹ ಹೆಚ್ಚಾದರೆ ಕಾಕಾನ ಮರಾಠಿ ತಾನಾಗಿಯೇ ಕನ್ನಡವಾಗುತ್ತದೆ. "ನಮಗ ಗೊತ್ತಿಲ್ಲದ ಹೂವು ತೋರಸವಾ. ನಮ್ಮ ವಂಶದಾಗ ಯಾರೂ ಮೂಸಿರಬಾರದು, ಅಂಥಾದ್ದು!" ಇದನ್ನು ನಾನು ಮರಾಠಿಯಲ್ಲಿ ಹೇಳುವಾಗ ವಂಶವನ್ನು ಬಿಟ್ಟೆ. ಹುಡುಗಿ ಯೋಚಿಸಿ, ತಳದ ಖಾನೆಯಿಂದ ಒಂದು ಗುಲಾಬಿ ಬಣ್ಣದ ಬಾಟಲಿ ತೆಗೆದಳು. ಪಿಯೋನಿ ಎಂಬ ಹೂವಂತೆ. ಚೀನಾದ ಕಡೆ, ಚಳಿ ದೇಶಗಳಲ್ಲಿ ಬೆಳೆಯುತ್ತದಂತೆ. ಮೊಬೈಲಿನಲ್ಲಿ ಚಿತ್ರವನ್ನೂ ತೋರಿಸಿದಳು.

"ಏ, ಇದು ಗುಲಾಬಿ ಬಣ್ಣದ ಕ್ಯಾಬೀಜ್ ಅದಲ್ಲೋ!" ಎಂದರು ಕಾಕಾ ನನಗೆ.

"ಕಾಕಾ, ಪಣ್ ಹಾ ಲೇಡೀಜ್ ಸೆಂಟ್ ಆಹೇ," ಎಂದು ಹುಡುಗಿ ಸಂಕೋಚದಿಂದ ಎಚ್ಚರಿಸಿದಳು. ಹಚ್ಚಿಕೊಂಡವರು ಹೆಣ್ಣೋ ಗಂಡೋ ಎಂಬುದು ಹೂವಿಗೇನು ಗೊತ್ತು ಎಂದು ಕಾಕಾ ತಿರುಗಿ ಕೇಳಿದರು. ಪಾಪ, ಹುಡುಗಿ ತಾನು ಕಲಿತ ಪಾಠಕ್ಕೇ ಮರಳಿದಳು. ಮೊದಲು ನಿಂಬೆಯ ಕಂಪು ಬರುತ್ತದೆ, ಸ್ವಲ್ಪ ಹೊತ್ತಿಗೆ ಹೂವು ಬರುತ್ತದೆ, ಸಂಜೆಗೆ ಕಸ್ತೂರಿ ಉಳಿಯುತ್ತದೆ ಎಂದು ವಿವರಿಸಿದಳು. "ಅಂದ್ರ ಮೂರು ಪಾಳಿ ಕೆಲಸ! ನಮ್ಮ ಅಳಿಯನಂಗ," ಎಂದು ಕಾಕಾ ತಲೆದೂಗಿದರು. ಅಳಿಯ ಕುರಕುಂಭದ ರಸಾಯನದ ಕಾರ್ಖಾನೆಯಲ್ಲಿದ್ದಾನೆ. ಅವನ ಬಟ್ಟೆಗೂ ಒಂದು ವಾಸನೆಯಿದೆ, ಆ ಮಾತು ಬೇರೆ.

ಮಣಿಕಟ್ಟಿಗೆ ಒಂದು ಹನಿ, ಕಿವಿಯ ಹಿಂದೆ ಒಂದು ಹನಿ ಸಾಕು ಎಂದು ಹುಡುಗಿ ಹೇಳಿಕೊಟ್ಟಿದ್ದಳು. ಕಾಕಾ ಅಂಗಿಯ ತೋಳಿಗೆ, ಧೋತರದ ಕಚ್ಚೆಗೆ, ಟೋಪಿಗೆ, ಕೊನೆಗೆ ಕೊಡೆಗೂ ಹೊಡೆದುಕೊಂಡರು. ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ತೋಳು ಚಾಚಿ ಒಂದೇ ಪ್ರಶ್ನೆ: "ಹ್ಯಾಂಗ ಬರತದ?" ಈ ಸೆಂಟಿನ ಸ್ವಭಾವವೇ ಹಾಗೆ, ಹಚ್ಚಿಕೊಂಡವರ ಮೂಗಿಗೆ ಬೇಗ ಒಗ್ಗಿಹೋಗುತ್ತದೆ, ಇದೆಯೋ ಇಲ್ಲವೋ ಎಂದು ಪರರನ್ನೇ ಕೇಳಬೇಕು. ಪರರು ಒಬ್ಬೊಬ್ಬರು ಒಂದೊಂದು ಹೇಳಿದರು. ಕಾಯಿಪಲ್ಲೆ ಮಾರುವ ಹೆಂಗಸು, ಕೂಸಿನ ಪೌಡರು ಎಂದಳು. ರಿಕ್ಷಾದವನು ಲೀಚಿ ಹಣ್ಣು ಎಂದ. ನನ್ನ ಹೆಂಡತಿ, ಬಟ್ಟೆ ನೆನೆಸಿಟ್ಟ ಬಕೇಟು ಎಂದಳು. ಪಿಯೋನಿಯನ್ನು ಕಂಡವರು ಒಬ್ಬರೂ ಇಲ್ಲವಲ್ಲ, ಎಲ್ಲರೂ ತಮ್ಮ ತಮ್ಮ ಮನೆಯ ವಾಸನೆಯನ್ನೇ ಅದರಲ್ಲಿ ಹುಡುಕಿಕೊಂಡರು. ನಿಜ ಹೇಳಬೇಕೆಂದರೆ ಅದು ಒಳ್ಳೆಯ ಸೆಂಟೇ, ಆಗಷ್ಟೇ ಸ್ನಾನ ಮಾಡಿದ ಗುಲಾಬಿಯಂತೆ. ಆದರೆ ಕಾಕಾನ ಪ್ರಮಾಣದಲ್ಲಿ ಅಮೃತವೂ ವಿಷವೇ!

ಖಾನಾವಳಿಗೆ ಬರುವವರು ಹೆಚ್ಚಾಗಿ ಕೋಚಿಂಗ್ ಕ್ಲಾಸಿನ ವಿದ್ಯಾರ್ಥಿಗಳು. ಕಲಬುರಗಿಯ ಹುಡುಗಿಯೊಬ್ಬಳು ಒಂದು ದಿನ ತುತ್ತು ಕೈಯಲ್ಲಿ ಹಿಡಿದೇ ಕೇಳಿದಳು: "ಕಾಕಾ, ಝುಣಕಾಕ್ಕ ಅತ್ತರ ಹಾಕೀರೇನ್ರಿ?"

"ಹಾಕೀನಿ. ಮಹಾರಾಜರ ಊಟ ಅಂತ ತಿಳಕೊಂಡು ತಿನ್ನವಾ!"

ನಗುವವರೆಲ್ಲ ಕೆಳಗೆ ಖಾನಾವಳಿಯಲ್ಲಿ ನಗಬೇಕು. ಮೇಲೆ ಮನೆಯಲ್ಲಿ ಚಿಕ್ಕಮ್ಮನ, ಅಂದರೆ ನಮ್ಮ ಕಾಕುವಿನ ಮುಂದೆ ಮಾತ್ರ ಸೆಂಟಿನ ಸುದ್ದಿ ಎತ್ತಕೂಡದು. ಇದು ಕಾಕಾನ ಕಟ್ಟಪ್ಪಣೆ. ಹೀಗಾಗಿ ಕಾಕಾ ಸೆಂಟು ಹಚ್ಚುತ್ತಾರೆಂಬುದು ಸದಾಶಿವ ಪೇಠೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರಲಿಲ್ಲ. ಅವರ ಹೆಂಡತಿಗೆ!

ಕಾಕುವಿನ ಮೂಗಿನ ಮೇಲೆಯೇ ಆ ಖಾನಾವಳಿ ನಿಂತಿತ್ತು ಎಂದರೆ ತಪ್ಪಾಗದು. ಗುರೆಳ್ಳ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಗುರೆಳ್ಳು ಹುರಿಯುವಾಗ ಆಕೆ ಬಾಣಲೆಯತ್ತ ನೋಡುತ್ತಲೇ ಇರಲಿಲ್ಲ. ಬೆನ್ನು ಹಾಕಿ ರೊಟ್ಟಿ ಬಡಿಯುತ್ತಲೇ "ಇಳಸ್ರಿ" ಅನ್ನುತ್ತಿದ್ದರು, ಕಾಕಾ ಇಳಿಸುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಜ್ವರ ಬಂತು. ಹೋಗುವಾಗ ಕಾಕುವಿನ ಮೂಗನ್ನೂ ಕರೆದುಕೊಂಡು ಹೋಯಿತು. ಒಂದು ಬೆಳಿಗ್ಗೆ ಗುರೆಳ್ಳು ಕರಕಲಾಗಿ, ಹೊಗೆ ಕಣ್ಣಿಗೆ ಹತ್ತಿದ ಮೇಲೆಯೇ ಆಕೆಗೆ ತಿಳಿದದ್ದು. "ವಾಸನಿ ತಿಳೀದಾಕಿ ಒಲಿ ಮುಂದ ನಿಂತು ಏನ್ ಮಾಡ್ಲಿ?" ಎಂದು ಸೌಟು ಕೆಳಗಿಟ್ಟವರು ಮತ್ತೆ ಹಿಡಿಯಲಿಲ್ಲ. ಅಡಿಗೆಗೆ ಬೇರೆಯವರು ಬಂದರು. ಕಾಕು ಮೇಲಿನ ಮನೆಯಲ್ಲಿ ಸೊಪ್ಪು ಸೋಸುತ್ತ ಕುಳಿತರು.

ದಿನಾ ಬೆಳಿಗ್ಗೆ ಲವಂಗ, ನಿಂಬೆಹಣ್ಣು ಮೂಸಿಸಿ, ಬಂದರೂ ಬರಬಹುದು ಎಂದರು ಡಾಕ್ಟರು. ಕಾಕಾ ಲವಂಗದ ಡಬ್ಬಿ ಹಿಡಿಯುವರು; ಕಾಕು ಕಣ್ಣು ಮುಚ್ಚಿ, "ಸ್ವಲ್ಪ ಸ್ವಲ್ಪ ಬರಾಕತ್ತದ್ರಿ" ಅನ್ನುವರು. ಎಷ್ಟು ದಿನವಾದರೂ ಸ್ವಲ್ಪವೇ ಬರುತ್ತಿದೆಯಲ್ಲ ಎಂದು ಕಾಕಾಗೆ ಸಂಶಯ ಬಂತು. ಒಂದು ದಿನ ತೊಳೆದು ಒಣಗಿಸಿದ ಖಾಲಿ ಡಬ್ಬಿ ಹಿಡಿದರು. ಕಾಕು ಕಣ್ಣು ಮುಚ್ಚಿ ಉಸಿರೆಳೆದು, "ಇವತ್ತ ಭಾಳ ಛಲೋ ಬಂತ್ರಿ!" ಎಂದರು.

"ನನ್ನ ಸಮಾಧಾನಕ್ಕ ಹೇಳತಾಳೋ ಆಕಿ," ಎಂದು ಕಾಕಾ ಸೆಂಟಿನ ಅಂಗಡಿಗೆ ಹೋಗುವ ದಾರಿಯಲ್ಲಿ ನನಗೆ ಹೇಳಿದ್ದರು. "ಲವಂಗ, ಮಲ್ಲಿಗಿ ಎಲ್ಲಾ ಆಕಿ ನೆನಪಿನಾಗ ಅದಾವ. ಅಲ್ಲಿಂದ ತಗದು ಹೇಳಿಬಿಡತಾಳ. ಆಕಿ ನೆನಪಿನಾಗ ಇಲ್ಲದ ಹೂವು ಬೇಕು. ಮೂಗಿಗೆ ಹಿಡಿಯೂದೂ ಬ್ಯಾಡ. ನಾನs ಹಚಗೊಂಡು ಮುಂದ ಅಡ್ಡಾಡತೀನಿ. ಬಂದ ದಿನ ತಾನs ಕೇಳತಾಳ."

ಹೀಗೆ ಆರಂಭವಾದ ಅಡ್ಡಾಟ ಪುಣೆಯ ಹತ್ತಿರದ ಭೋರ್‌ನಲ್ಲಿ ಒಂದು ನಿಶ್ಚಿತಾರ್ಥದವರೆಗೂ ಹೋಯಿತು. ವರನ ಸೋದರತ್ತೆಯೊಬ್ಬರು ಈ ಕಂಪು ಯಾರದೆಂದು ಪತ್ತೆ ಮಾಡಲು ಹೊರಟರು. ಹೆಂಗಸರ ಸಾಲನ್ನೆಲ್ಲ ಮೂಸುತ್ತ ಬಂದು, ಗಂಡಸರ ಸಾಲಿಗೆ ದಾಟಿ, ಕಾಕಾನ ಟೋಪಿಯ ಹತ್ತಿರ ನಿಂತು "ಇಶ್ಶ!" ಎಂದು ಬಾಯಿಗೆ ಕೈ ಇಟ್ಟುಕೊಂಡರು. ಹೆಂಗಸರ ಸಾಲಿನಿಂದ ಎದ್ದು ಕಾಕಾನ ಪಕ್ಕಕ್ಕೆ ಬಂದು ಕೂತಿದ್ದ ಕಾಕು ಕೇಳಿದರು: "ಏನ್ ಹುಡುಕಾಕತ್ತಾರ್ರಿ ಅವರು?"

"ಕಿವ್ಯಾಗಿನ ಬೆಂಡ್ವಾಲಿ ಬಿದ್ದಾವಂತ!" ಎಂದುಬಿಟ್ಟರು ಕಾಕಾ.

ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರೆ, ಕಾಕು ಪಾಪ, ಬಗ್ಗಿ ಕುರ್ಚಿಗಳ ಕೆಳಗೆಲ್ಲ ಆ ಓಲೆಗಳನ್ನು ಹುಡುಕತೊಡಗಿದರು. ಆ ಸೆಂಟಿನ ಮಡುವಿನಲ್ಲೇ ಕೂತು, ಏನೂ ತಿಳಿಯದೆ ಹುಡುಕುತ್ತಿದ್ದ ಹೆಂಡತಿಯನ್ನು ಕಾಕಾ ನೋಡಿದರು. ಅವರ ಮುಖ ನೋಡಿ ನನ್ನ ನಗು ನಿಂತಿತು. ಹಿಂದಿರುಗುವಾಗ ದಾರಿಯುದ್ದಕ್ಕೂ ಅವರು ಯಾರನ್ನೂ "ಹ್ಯಾಂಗ ಬರತದ" ಎಂದು ಕೇಳಲಿಲ್ಲ. ಬಾಟಲಿ ಮುಗಿಯುತ್ತ ಬಂದಿತ್ತು. ಇನ್ನೊಂದು ಕೊಳ್ಳುವ ಮಾತನ್ನೂ ಅವರು ಆಡಲಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಕಾಕು ನೆಲದ ಮೇಲೆ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಸ್ನಾನ ಮುಗಿಸಿ, ತಳದಲ್ಲಿ ಉಳಿದದ್ದನ್ನೆಲ್ಲ ಹೊಡೆದುಕೊಂಡು, ಕಾಕಾ ಎಂದಿನಂತೆ ಅವರ ಮುಂದೆ ಹಾದುಹೋದರು. ಕಾಕುವಿನ ಕೈ ಸೊಪ್ಪಿನ ಮೇಲೆಯೇ ನಿಂತಿತು. ಮುಖ ಸಿಂಡರಿಸಿತು. ಆಮೇಲೆ ಆಕೆ ಸೆರಗೆಳೆದು ಮೂಗು ಮುಚ್ಚಿಕೊಂಡರು.

ಮೂಗು ಮುಚ್ಚಿಕೊಂಡರು! ಕಾಕಾ ಎತ್ತಿದ ಹೆಜ್ಜೆ ಇಡುವುದನ್ನೇ ಮರೆತು ನಿಂತರು.

"ಏನ್ರಿ ಇದು?" ಸೆರಗಿನೊಳಗಿಂದ ಕಾಕುವಿನ ಧ್ವನಿ ಬಂತು. "ಸೌತಿಕಾಯಿಗೆ ಗುಲಾಬಿ ನೀರು ಸುರದಂಗ ನಾರಾಕತ್ತೀರಲ್ರಿ! ಇದನ್ನ ಹಚಗೊಂಡು ಊರು ತುಂಬ ಅಡ್ಡಾಡತೀರೇನು? ವಯಸ್ಸಾತು, ನಾಚಿಗಿ ಬ್ಯಾಡೇನ್ರಿ ನಿಮಗ?"

ಕಾಕಾ ಸೊಪ್ಪಿನ ರಾಶಿಯ ಪಕ್ಕ ನೆಲದ ಮೇಲೆ ಕುಸಿದು ಕುಳಿತು, "ಇನ್ನೊಮ್ಮಿ ಬೈ," ಎಂದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು.

ಕಾಕು ಅವರನ್ನೇ ನೋಡಿದರು. ತಾನು ಹೇಳಿದ್ದೇನೆಂದು ಆಗ ಅವರಿಗೆ ಹೊಳೆಯಿತು. ಸೆರಗನ್ನು ಮೆಲ್ಲನೆ ಕೆಳಗಿಳಿಸಿ, ಗಂಡನ ಅಂಗಿಯ ತೋಳಿನ ಹತ್ತಿರ ಮುಖ ತಂದು, ದೀರ್ಘವಾಗಿ ಉಸಿರೆಳೆದುಕೊಂಡರು. ಈ ಸಲ ಬೈಯಲಿಲ್ಲ. ನಾನು ಚಹಾದ ಕಪ್ಪನ್ನು ಸದ್ದಾಗದಂತೆ ಕೆಳಗಿಟ್ಟೆ.

ಆಮೇಲೆ ಕಾಕು ಸೊಪ್ಪು ಬದಿಗೆ ಸರಿಸಿ ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದರು:

"ಕೆಳಗ ಗುರೆಳ್ಳು ಅದಾವೇನ್ರಿ?"