ಅಧ್ಯಕ್ಷರ ಯಜಮಾನರು

ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬರುವಷ್ಟರಲ್ಲಿ ಅಂಬರೀಶನ ಕತ್ತಿ ನಿಂತುಬಿಟ್ಟಿತು. ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿ ಕೂತಿದ್ದ ಭೀಮರಾಜ್ ಒಂದು ಕಣ್ಣು ತೆರೆದು ನೋಡಿದ. ಕ್ಷೌರದ ಕತ್ತಿ ಹಿಡಿದವನು ಏನೋ ಕೇಳಬೇಕೆಂದು ನಿಂತಿದ್ದಾನೆ ಅಂದಮೇಲೆ ಕೇಳಿಸಿಕೊಳ್ಳುವುದೇ ಕ್ಷೇಮವೆಂದು ಇನ್ನೊಂದು ಕಣ್ಣನ್ನೂ ತೆರೆದ.

“ಅಣ್ಣ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬಾರ್ದು. ಅಂಗಡಿ ಮುಂದೆ ಚರಂಡಿ ಮೇಲೆ ಒಂದ್ ಶೀಟ್ ಇಳಿಬಿಡ್ತೀನಿ ಅಂತ ಕೇಳ್ಕಂಡಿದ್ದೆ. ನೀವ್ಯಾಕೆ ಬೇಡ ಅಂದ್ರಿ?”

“ನಾನಾ? ನಾನ್ಯಾವಾಗ ಅಂದೆ?”

“ನೀವೇ ಅಂದ್ರಂತೆ. ಚರಂಡಿ ಹೂಳು ತೆಗೆಯೋಕೆ ಜಾಗ ಇರಲ್ಲ ಅಂದ್ರಂತೆ.”

“ಲೇ, ಪಂಚಾಯ್ತಿ ಅಧ್ಯಕ್ಷೆ ನಿಮ್ಮತ್ತಿಗೆ ಕಣೋ. ನಾನು ಆ ಆಫೀಸಿನ ಮೆಟ್ಟಿಲೂ ಹತ್ತಲ್ಲ.”

ಅಂಬರೀಶ್ ಕನ್ನಡಿಯಲ್ಲೇ ನಕ್ಕ. ಹುಡುಗಿ ಕಡೆಯವರು ನಮಗೇನೂ ಆಸ್ತಿಯಿಲ್ಲ ಅಂದಾಗ ಹುಡುಗನ ಕಡೆಯವರು ನಗುವ ನಗು ಅದು. ಕತ್ತಿ ಒರೆಸಿ ಡಬ್ಬಿಯೊಳಗಿಟ್ಟ. “ಇವತ್ತು ಬ್ಲೇಡ್ ಖಾಲಿ ಅಣ್ಣ, ಸಂಜೆ ಬನ್ನಿ,” ಎಂದ. ಕನ್ನಡಿಯ ಮುಂದೆ ಬ್ಲೇಡಿನ ಪೊಟ್ಟಣಗಳು ಸಾಲಾಗಿ ನಿಂತು ಇಬ್ಬರನ್ನೂ ನೋಡುತ್ತಿದ್ದವು. “ಓಟು ಮಾತ್ರ ನಿಮಗೇ. ಶೀಟಿನ ವಿಷ್ಯ ಮನಸಲ್ಲಿ ಇಟ್ಕಳಿ.”

ಹೀಗೆ ಭೀಮರಾಜ್ ಅರ್ಧ ಗಡ್ಡ ಹೊತ್ತು ಬೀದಿಗೆ ಬಂದ. ಅದೂ ಇವತ್ತು! ಬದುಕಿನಲ್ಲಿ ಮೊದಲ ಸಲ ತನಗಾಗಿ ಏನನ್ನೋ ಆಸೆಪಟ್ಟ ದಿನ!

ಬೂದಿಗೆರೆಯ ಪಕ್ಕದ ಹುಣಸೆಗುಂಟೆಯಲ್ಲಿ ಪಂಚಾಯ್ತಿ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದಾಗ, ಊರಿನ ಗಂಡಸರೇ ಬಂದು, “ನಿನ್ ಹೆಂಡ್ತಿನ ನಿಲ್ಸಪ್ಪ. ಸೈನು ಆಯಮ್ಮ ಹಾಕ್ಲಿ, ಮಿಕ್ಕಿದ್ದು ನೀನ್ ನೋಡ್ಕೊ,” ಎಂದಿದ್ದರು. ಸುತ್ತಮುತ್ತ ನಡೆಯುವುದೂ ಹಾಗೆಯೇ. ಹೆಂಡತಿಯ ಹೆಸರು ಬೋರ್ಡಿನ ಮೇಲೆ, ಗಂಡನ ಬೆನ್ನು ಕುರ್ಚಿಯ ಮೇಲೆ. ರಂಜಿತ ಗೆದ್ದ ಮೊದಲ ದಿನ ಭೀಮರಾಜನೂ ಇಸ್ತ್ರಿ ಅಂಗಿ ತೊಟ್ಟು ಅವಳ ಪಕ್ಕ ಹೋಗಿ ಕೂತ. ಚಹಾ ಬರುವ ಮೊದಲೇ ಅವಳು ಬಗ್ಗಿ ಕಿವಿಯಲ್ಲಿ, “ರೀ, ಹಸು ಈಯೋ ಹಂಗದೆ, ಮನೆಗೆ ಹೋಗಿ,” ಎಂದಳು. ಹಸು ಗಬ್ಬವಾಗಿ ಇನ್ನೂ ಮೂರು ತಿಂಗಳಾಗಿತ್ತು. ಭೀಮರಾಜ್‌ಗೆ ಅರ್ಥವಾಯಿತು, ಎದ್ದು ಬಂದ. ಆಮೇಲೆ ಆ ಕಡೆ ತಲೆಹಾಕಲಿಲ್ಲ. ಬೇಸರವೂ ಪಡಲಿಲ್ಲ ಅನ್ನಿ. ಅವಳ ಕೆಲಸ ನೋಡಿ ಅವನಿಗೆ ಒಳಗೊಳಗೇ ಹೆಮ್ಮೆ.

ಬೇಸರವಿದ್ದದ್ದು ಒಂದಕ್ಕೇ. ಊರಲ್ಲಿ ಯಾರ ಬಾಯಲ್ಲೂ ಅವನ ಹೆಸರು ಉಳಿದಿರಲಿಲ್ಲ. ಎದುರಿಗೆ ಸಿಕ್ಕರೆ ‘ಅಧ್ಯಕ್ಷ್ರೇ’, ಬೆನ್ನ ಹಿಂದೆ ‘ಅಧ್ಯಕ್ಷರ ಗಂಡ’. ಇಂಥ ಹೊತ್ತಿನಲ್ಲಿ ಹಾಲಿನ ಡೇರಿಯಲ್ಲಿ ಒಂದು ನಿರ್ದೇಶಕರ ಸ್ಥಾನ ತೆರವಾಯಿತು. ಹಸು ಸಾಕುವುದರಲ್ಲಿ ಭೀಮರಾಜನನ್ನು ಮೀರಿಸಿದವರಿಲ್ಲ. ಆ ಸ್ಥಾನವೊಂದು ಸಿಕ್ಕರೆ ಭೀಮರಾಜ್ ಅಂದರೆ ಭೀಮರಾಜ್ ಅಷ್ಟೇ, ಯಾರ ಗಂಡನೂ ಅಲ್ಲ. ಎಲೆಕ್ಷನ್ ಖರ್ಚು ಯಾಕೆ, ಸಂಜೆ ಹಾಲು ಹಾಕಿದ ಮೇಲೆ ಎಲ್ಲರೂ ಕೈಯೆತ್ತಿ ಒಬ್ಬರನ್ನು ಗೊತ್ತುಮಾಡೋಣ, ಅವರೊಬ್ಬರೇ ನಾಮಪತ್ರ ಹಾಕಲಿ ಎಂದು ಊರವರು ಮಾತಾಡಿಕೊಂಡಿದ್ದರು. ಎದುರಾಳಿ ಹನುಮಂತರಾಯಪ್ಪ ಒಬ್ಬನೇ.

ಭೀಮರಾಜ್ ಬಲಗೆನ್ನೆಗೆ ಟವಲು ಒತ್ತಿಕೊಂಡು ಪಿಳ್ಳಮ್ಮನ ಹೋಟೆಲಿಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತ. ಪಿಳ್ಳಮ್ಮ ಎರಡು ಇಡ್ಲಿಯ ತಟ್ಟೆ ತಂದು ಕುಕ್ಕಿದಳು. ಚಟ್ನಿಯಿಲ್ಲ, ಸಾಂಬಾರಿಲ್ಲ. ಇಡ್ಲಿ ನಿನ್ನೆಯದೋ ಮೊನ್ನೆಯದೋ, ಬೆರಳಿಟ್ಟರೆ ಇಳಿಯಲಿಲ್ಲ.

“ಚಟ್ನಿ ಅಕ್ಕ?”

“ಚಟ್ನಿ ರುಬ್ಬೋಕೆ ನೀರ್ ಬೇಕಲ್ಲಪ್ಪ! ಬೀದಿ ನಲ್ಲಿನ ಒಸಿ ನಮ್ ಹಿತ್ತಲ ಕಡೆ ತಿರುಗಿಸ್ರಪ್ಪ ಅಂದ್ರೆ, ಬೀದಿ ನಲ್ಲಿ ಬೀದೀಲೇ ಇರ್ಲಿ ಅಂದ್ಯಂತೆ. ಹಲ್ ನೋವಾ? ದೇವ್ರು ಬಲು ಬೇಗ ಕೊಟ್ಟ ಕಣಪ್ಪ.”

“ಅಕ್ಕ, ನಾನ್ ಹಂಗಂದಿಲ್ಲ. ಯಾರ್ ಹೇಳಿದ್ದು ನಿಂಗೆ?”

“ಯಾರಾದ್ರೂ ಹೇಳ್ಲಿ ಬಿಡು. ಆ ರಂಜಿತ ಚಿನ್ನದಂಥೋಳು. ಅವ್ಳಿಗೇನೋ ಮಾಡ್ಕೊಡೋ ಮನಸಿತ್ತು, ನೀನೇ ಕಲ್ ಹಾಕ್ದೆ.” ಪಿಳ್ಳಮ್ಮ ಒಳಗೆ ಹೋದವಳು ತಲೆ ಹೊರಗೆ ಹಾಕಿದಳು. “ಸಂಜೆ ನಿಂಗೇ ಕೈ ಎತ್ತೋದು. ನಲ್ಲಿ ಮರೀಬೇಡ.”

ಭೀಮರಾಜ್ ಇಡ್ಲಿ ನುಂಗಲಾರದೆ ಎದ್ದ. ಇದು ಹನುಮಂತರಾಯಪ್ಪನದೇ ಕಿತಾಪತಿ ಎಂದು ಅವನಿಗೆ ಅನ್ನಿಸಿತು. ಓಟು ಕೆಡಿಸಲು ಊರೆಲ್ಲ ಹೀಗೆ ಹಬ್ಬಿಸಿದ್ದಾನೆ. ನೆಟ್ಟಗೆ ಅವನ ಮನೆಗೇ ನಡೆದ. ಹನುಮಂತರಾಯಪ್ಪ ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿದ್ದವನು ಕೈಮುಗಿದೇಬಿಟ್ಟ.

“ನಾನ್ಯಾಕೆ ಹಬ್ಬಿಸ್ಲಿ ಗುರು? ನಾನು ನಿಂತಿರೋದೇ ನಮ್ ಮನೇವ್ರ ಬಲವಂತಕ್ಕೆ. ಊರೆಲ್ಲ ನಿನ್ ಕೈಲಿ ಕೆಲ್ಸ ಇಟ್ಕಂಡವ್ರೆ. ನಿನ್ ಬಿಟ್ಟು ನಂಗ್ಯಾರು ಕೈ ಎತ್ತಾರು? ನಂದೂ ಒಂದ್ ಬೀದಿ ಲೈಟು ಪೆಂಡಿಂಗ್ ಐತೆ, ನೋಡು.”

ಎದುರಾಳಿಯೇ ಅರ್ಜಿ ಕೊಟ್ಟಮೇಲೆ ಜಗಳವಾಡುವುದಾದರೂ ಯಾರ ಹತ್ತಿರ? ಭೀಮರಾಜ್ ತಲೆ ತಗ್ಗಿಸಿ ಅರಳಿಕಟ್ಟೆಯ ಕಡೆ ಬಂದ. ಅಲ್ಲಿ ಆವಲಪ್ಪ ಕಾಯುತ್ತಿದ್ದರು. ಊರಿಗೆ ಹಿರಿಯರು. ಅವರ ಒಂದು ಮಾತಿಗೆ ಡೇರಿಯಲ್ಲಿ ಅಣ್ಣತಮ್ಮಂದಿರ ಮನೆಯ ಕೈಗಳೆಲ್ಲ ಒಟ್ಟಿಗೆ ಏಳುತ್ತವೆ. ಶಾಲೆಯ ಆಟದ ಬಯಲಿಗೆ ಅಂಟಿಕೊಂಡಂತೆ ಅವರದೊಂದು ದನದ ಕೊಟ್ಟಿಗೆ. ಅದು ವರ್ಷಕ್ಕೊಂದಿಷ್ಟು ಬಯಲಿನೊಳಕ್ಕೆ ಬೆಳೆಯುತ್ತಿತ್ತು. ಬೆಳೆದಷ್ಟಕ್ಕೂ ಖಾತೆ ಮಾಡಿಕೊಡಿ ಎಂಬುದು ಅವರ ಬೇಡಿಕೆ.

“ಬಾರಪ್ಪ ಬಾ,” ಎಂದರು ಆವಲಪ್ಪ, ಕಟ್ಟೆಯಲ್ಲಿದ್ದವರಿಗೆಲ್ಲ ಕೇಳುವಂತೆ. “ಹೆಂಡ್ತಿನ ಮುಂದೆ ಕೂರ್ಸಿ ಹಿಂದಿಂದ ಆಡಿಸ್ತಾ ಇದ್ದೀಯಲ್ಲ, ಭಲೇ ಆಸಾಮಿ! ಕೊಟ್ಟಿಗೆ ಕಿತ್ತಾಕಿಸ್ತೀನಿ ಅಂದ್ಯಂತೆ? ಪಾಪ ಆ ಹೆಣ್ಮಗಳಿಗೆ ಏನ್ ತಿಳೀತದೆ, ನೀನ್ ಹೇಳ್ದಂಗೆ ಹೆಬ್ಬೆಟ್ಟು ಒತ್ತಾಳೆ.”

ಕಟ್ಟೆ ನಕ್ಕಿತು. ಭೀಮರಾಜ್‌ಗೆ ಕಿವಿ ಬಿಸಿಯಾಯಿತು. ತನ್ನನ್ನು ಬೈದದ್ದಕ್ಕಲ್ಲ, ಅದು ಬೆಳಗಿನಿಂದ ಅಭ್ಯಾಸವಾಗಿತ್ತು. ಆ ಬಯಲು ಉಳಿಸಲು ರಂಜಿತ ಬಿಸಿಲಲ್ಲಿ ನಿಂತು ಸರ್ವೇಯವರಿಂದ ಅಳತೆ ಮಾಡಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಈಗ ಮಕ್ಕಳು ಅಲ್ಲಿ ಕಬಡ್ಡಿ ಆಡುತ್ತಾರೆ. ಅಷ್ಟೆಲ್ಲ ಮಾಡಿದವಳು ಹೆಬ್ಬೆಟ್ಟು, ಸುಮ್ಮನೆ ಹಾಲು ಕರೆದುಕೊಂಡಿದ್ದ ತಾನು ಆಡಿಸುವವನು! ಅವನಿಗೆ ನಿಜಕ್ಕೂ ಸಂಕಟವಾಯಿತು.

“ಆದ್ರೂ ನಮ್ಮೋರ ಕೈಯೆಲ್ಲ ನಿಂಗೇನೆ,” ಎಂದರು ಆವಲಪ್ಪ ದನಿ ತಗ್ಗಿಸಿ. “ಡೈರೆಕ್ಟ್ರಾಗು. ಖಾತೆ ಮಾಡ್ಸು.”

ಸಂಜೆ ಡೇರಿಯ ಅಂಗಳ ತುಂಬಿತು. ಹಾಲಿನ ಕ್ಯಾನುಗಳನ್ನು ಪಕ್ಕಕ್ಕೆ ಸರಿಸಿ ಡೇರಿ ಕಾರ್ಯದರ್ಶಿ ಅನಿಲ್‌ಕುಮಾರ್ ಕುರ್ಚಿ ಹತ್ತಿ ನಿಂತ. “ಮೊದಲು ಭೀಮರಾಜಣ್ಣನ ಪರ ಇರೋರು...” ಎನ್ನುವಷ್ಟರಲ್ಲೇ ಕೈಗಳು ಮೊಳೆಯತೊಡಗಿದವು. ಅಂಬರೀಶನದು ಎದ್ದಿತು, ಪಿಳ್ಳಮ್ಮನದು ಎದ್ದಿತು, ಆವಲಪ್ಪನವರ ಕಡೆಯಿಂದ ಒಂದು ಸಾಲೇ ಎದ್ದಿತು. ಹನುಮಂತರಾಯಪ್ಪ ಕೂಡ ಬೀದಿ ಲೈಟು ನೆನೆದು ಅರ್ಧ ಕೈ ಎತ್ತಿದ.

ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಆ ಕೈಗಳಲ್ಲಿ ಒಂದು ಶೀಟು, ಒಂದು ನಲ್ಲಿ, ಒಂದು ಕೊಟ್ಟಿಗೆ ಕಾಣಿಸಿತೇ ಹೊರತು ತಾನು ಎಲ್ಲಿಯೂ ಕಾಣಿಸಲಿಲ್ಲ. ಭೀಮರಾಜ್ ಎದ್ದು ನಿಂತ. ಆವೇಶದಲ್ಲಿ ಟವಲು ಕೆಳಗೆ ಬಿತ್ತು. ಅರ್ಧ ಗಡ್ಡದ ಮುಖ ಕಂಡು ಜನ ಗಪ್ಪಾದರು.

“ಒಸಿ ಇರಿ. ಒಂದ್ ನಿಜ ಹೇಳ್ಬಿಡ್ತೀನಿ. ಪಂಚಾಯ್ತಿಲಿ ನನ್ ಮಾತು ಒಂದ್ ಕಾಸಿಗೂ ನಡೆಯಲ್ಲ. ಬಯಲು ಉಳಿಸಿದ್ದು, ಚರಂಡಿ ಮಾಡ್ಸಿದ್ದು, ಎಲ್ಲಾ ರಂಜಿತಾನೇ. ನಾನ್ ಏನೂ ಹೇಳಲ್ಲ, ಅವ್ಳು ಕೇಳೋದೂ ಇಲ್ಲ. ನೀವು ಬೈಯೋದಾದ್ರೆ ಅವ್ಳನ್ನೇ ಬೈರಿ, ಹೊಗಳೋದಾದ್ರೂ ಅವ್ಳನ್ನೇ ಹೊಗಳ್ರಿ. ನಂಗೆ ಗೊತ್ತಿರೋದು ಹಸು. ಅದಕ್ಕೆ ಓಟ್ ಕೊಡೋದಾದ್ರೆ ಕೊಡಿ.”

ತುಂಬ ಚೆನ್ನಾಗಿ ಮಾತಾಡಿದ, ಪಾಪ. ಎಲ್ಲರ ಮನಸ್ಸು ಕರಗಿತು ಎಂದೇ ಅವನು ತಿಳಿದ.

“ಅಂದ್ರೆ,” ಎಂದಳು ಪಿಳ್ಳಮ್ಮ, “ನಲ್ಲಿ ನಿನ್ ಕೈಲಿ ಇಲ್ವಾ?”

“ಇಲ್ಲ ಅಕ್ಕ.”

ಪಿಳ್ಳಮ್ಮನ ಕೈ ಇಳಿಯಿತು.

“ಶೀಟೂ?” ಎಂದ ಅಂಬರೀಶ್.

“ಇಲ್ಲ ಕಣೋ.”

“ಏನೂ ಮಾಡಕ್ಕಾಗ್ದೋನ್ನ ಡೈರೆಕ್ಟ್ರು ಮಾಡಿ ಏನ್ ಮಾಡಾನ?” ಎಂದು ಆವಲಪ್ಪ ಪಂಚೆ ಕೊಡವಿದರು. ಅವರ ಸಾಲು ಪೂರ್ತಿ ಕೆಳಗಿಳಿಯಿತು. ಕಡೆಗೆ ಉಳಿದದ್ದು ಮೂಲೆಯ ಮುತ್ತಮ್ಮಜ್ಜಿಯ ಕೈಯೊಂದೇ. ಅನಿಲ್‌ಕುಮಾರ್ ವಿಚಾರಿಸಿದಾಗ ಅಜ್ಜಿ ಎದ್ದು ಮನೆಗೆ ಹೋಗಲು ಆಸರೆ ಹುಡುಕುತ್ತಿದ್ದದ್ದು ತಿಳಿಯಿತು. ಹನುಮಂತರಾಯಪ್ಪ ನಂಬಲಾರದೆ ಆಚೆ ಈಚೆ ನೋಡುತ್ತ ಗೆದ್ದುಹೋದ.

ಮನೆಗೆ ಬಂದ ಭೀಮರಾಜ್ ನಡುಮನೆಯಲ್ಲಿ ಗೋಡೆಗೊರಗಿ ಕೂತ. ಸೋತಿದ್ದರೂ ಒಂದು ಸಮಾಧಾನವಿತ್ತು. ಹೆಂಡತಿಗೆ ಸಲ್ಲಬೇಕಾದ ಮಾತನ್ನು ನಾಲ್ಕು ಜನರ ಮುಂದೆ ಸಲ್ಲಿಸಿ ಬಂದಿದ್ದ. ಆಗತಾನೆ ಆಫೀಸಿನಿಂದ ಬಂದು ಕಾಲು ತೊಳೆದುಕೊಂಡ ರಂಜಿತಳಿಗೆ ನಡೆದದ್ದೆಲ್ಲ ಹೇಳಿದ. ಅವಳ ಕಣ್ಣು ತುಂಬುತ್ತದೆ ಅಂದುಕೊಂಡಿದ್ದ. ಅವಳು ತಲೆಯ ಮೇಲೆ ಕೈಹೊತ್ತು ಕೂತಳು.

“ಎಂಥಾ ಕೆಲ್ಸ ಮಾಡ್ಬಿಟ್ರಿ! ನಾಳೆಯಿಂದ ನಾನು ಯಾರ ಹೆಸರು ಹೇಳ್ಲಿ?”

“ಯಾರ ಹೆಸರು ಅಂದ್ರೆ?”

“ಇನ್ಯಾರದು? ನಿಮ್ದೇ! ನಾನ್ ಆಗಲ್ಲ ಅಂದ್ರೆ ‘ಹೆಂಗಸು, ತಿಳಿಯಾಕಿಲ್ಲ’ ಅಂತ ಸಂಜೆವರ್ಗೂ ಅಲ್ಲೇ ಕೂತಿರ್ತಾರೆ. ‘ನಮ್ಮೆಜಮಾನ್ರು ಬೇಡ ಅಂದ್ರು’ ಅಂದ್ರೆ ಉಸಿರೆತ್ತದೆ ಎದ್ದೋಗ್ತಾರೆ. ನೀವು ಬೇಡ ಅಂದಿದ್ಕೇ ಕಣ್ರೀ ಆ ಬಯಲು ಉಳಿದಿರೋದು!”

ಭೀಮರಾಜ್ ಗೋಡೆ ಬಿಟ್ಟು ನೆಟ್ಟಗೆ ಕೂತ. ತಾನು ಆಡದ ಮಾತುಗಳೆಲ್ಲ ಹೊರಟ ಜಾಗ ಈಗ ಕಾಲು ಚಾಚಿ ಎದುರಿಗೇ ಕೂತಿತ್ತು.

“ಒಂದ್ ಮಾತು ನಂಗೆ ಹೇಳ್ಬಾರ್ದಾಗಿತ್ತಾ?”

“ಹೇಳಿದ್ರೆ ನಿಮ್ಗೆ ನಗು ತಡೆಯಕ್ಕಾಗ್ತಿರ್ಲಿಲ್ಲ. ಮುಖದಲ್ಲೇ ಗೊತ್ತಾಗ್ಬಿಡೋದು.” ಅವಳ ದನಿ ಮೆತ್ತಗಾಯಿತು. “ಸೋತ್ರಲ್ಲ ಅಂತ ನಂಗೂ ಹೊಟ್ಟೆ ಉರೀತದೆ ಕಣ್ರೀ. ಆದ್ರೆ ನಾಳೆ ಆ ಕೊಟ್ಟಿಗೆ ತಡೆಯೋದು ಹೆಂಗೆ ಅಂತ ಅದಕ್ಕಿಂತ ಜಾಸ್ತಿ ಉರೀತದೆ.”

ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಆವಲಪ್ಪ! ಅಧಿಕಾರವೆಲ್ಲ ಅಧ್ಯಕ್ಷೆಯದೇ ಎಂದು ಊರಿನೆದುರೇ ಖಾತ್ರಿಯಾದಮೇಲೆ ಹೊತ್ತು ಕಳೆಯುವ ಪೈಕಿ ಅಲ್ಲ ಅವರು.

“ಏನಮ್ಮ ರಂಜಿತ, ನಿನ್ ಯಜಮಾನ ಎಲ್ಲಾ ನಿಂದೇ ಅಂದ್ಬಿಟ್ಟ. ಇನ್ನೇನು, ನಮ್ ಕೊಟ್ಟಿಗೆದು ನೀನೇ ಮುಗಿಸ್ಕೊಡು.”

ರಂಜಿತ ಹೊಸ್ತಿಲಿಗೆ ಹೋಗಿ ಸೆರಗು ಹೊದ್ದು ನಿಂತಳು. ದನಿ ತೀರ ತಗ್ಗಿಸಿದಳು. “ಮಾವ, ಹಿರಿಯರು ನೀವೇ ಹೇಳಿ. ಯಾವ ಗಂಡಸಾದ್ರೂ ನನ್ ಮಾತು ಹೆಂಡ್ತಿ ಕೇಳಲ್ಲ ಅಂತ ಊರ್ ಮುಂದೆ ಹೇಳ್ತಾನಾ?”

ಆವಲಪ್ಪ ಯೋಚಿಸಿದರು. ತಮ್ಮ ಅನುಭವದಲ್ಲಿ ಅಂಥ ಗಂಡಸು ಸಿಗಲಿಲ್ಲ. “ಇಲ್ವಲ್ಲ!”

“ನಿಮ್ಮನ್ನೆಲ್ಲ ಪರೀಕ್ಷೆ ಮಾಡವ್ರೆ ಮಾವ. ಯಾರ್ ಕೈ ಇಳಿಸಿದ್ರು ಅಂತ ಒಬ್ಬೊಬ್ರನ್ನೂ ನೋಡ್ಕಂಡು ಬಂದವ್ರೆ. ಸೋತ ಸಿಟ್ನಲ್ಲಿ ಒಳಗೆ ಬುಸುಗುಡ್ತಾವ್ರೆ. ಇವತ್ತು ನಾನೂ ಮಾತಾಡ್ಸೋಕೆ ಹೆದರ್ತೀನಿ.”

ಆವಲಪ್ಪ ಕತ್ತು ಉದ್ದ ಮಾಡಿ ಒಳಗೆ ಇಣುಕಿದರು. ಅರ್ಧ ಗಡ್ಡ, ಕೆದರಿದ ತಲೆ, ಕೆಂಪಗಾದ ಕಣ್ಣು. ಕೈ ಇಳಿಸಿದ ತಪ್ಪಿಗೆ ಅವರ ಮುಖ ಸಪ್ಪಗಾಯಿತು.

ಭೀಮರಾಜ್ ಸತ್ಯ ಹೇಳಲೆಂದೇ ಎದ್ದ. ರಂಜಿತ ತಿರುಗಿ ನೋಡಿದಳು. ಇಡೀ ದಿನ ದುಡಿದು ಬಂದ ಮುಖ, ಹಣೆಯ ಮೇಲೆ ಬೆವರು, ಕಣ್ಣಲ್ಲಿ ಒಂದು ಬೇಡಿಕೆ. ಊರಿನ ಅಷ್ಟೂ ಬೇಡಿಕೆಗಳಲ್ಲಿ ಅವನ ಕೈಲಿ ಪೂರೈಸಲು ಆಗುವಂಥದ್ದು ಅದೊಂದೇ ಇತ್ತು.

“ಆಗಲ್ಲ ಅಂದ್ರೆ ಆಗಲ್ಲ! ಕೊಟ್ಟಿಗೆ ಕಿತ್ತಾಕಕ್ಕೆ ಹೇಳು!” ಎಂದು ಭೀಮರಾಜ್ ಒಳಗಿನಿಂದ ಗುಡುಗಿದ.

“ಅಯ್ಯೋ, ತಪ್ಪಾಯ್ತು ಕಣಪ್ಪ,” ಎಂದು ಆವಲಪ್ಪ ಚಪ್ಪಲಿ ಕೈಗೆತ್ತಿಕೊಂಡು ಬಿರಬಿರನೆ ನಡೆದರು. ರಂಜಿತ ಅವರು ತಿರುವು ದಾಟುವವರೆಗೆ ನೋಡಿ, ಗಂಡನ ಕಡೆ ತಿರುಗಿ ಮೆಲ್ಲಗೆ ಹೇಳಿದಳು.

“ಇನ್ನೊಂದ್ಸಲ ಅನ್ರೀ, ಒಸಿ ಜೋರಾಗಿ. ಪಿಳ್ಳಮ್ಮಕ್ಕನ ಮನೆಗೂ ಕೇಳ್ಲಿ.”