ಫಸ್ಟ್ ವರ್ಲ್ಡ್ ಯಾವ ಬ್ಲಾಕಿನಲ್ಲಿದೆ?

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ನೂರಾರು ಮನೆಗಳಿರುವ ಕಡೆ ತಮಾಷೆಗಳು ನಡೆಯುತ್ತಲೇ ಇರುತ್ತವೆ, ಆದರೆ ನಾನು ಹೇಳಹೊರಟರೆ ನಗುವ ಜಾಗ ಬರುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಾರೆ.

ಹೆಬ್ಬಾಳದ ಒಂದು ಅಪಾರ್ಟ್‌ಮೆಂಟಿನಲ್ಲಿ ನಾನು ಮೇಂಟೆನೆನ್ಸ್ ಸೂಪರ್‌ವೈಸರ್. ಅಂದರೆ ನಲ್ಲಿ ಸೋರಿದರೆ ರಿಪೇರಿ ಮಾಡುವವನಲ್ಲ, ಮಾಡಿಸುವವನು. ಆಗ ಸೇರಿ ಮೂರು ತಿಂಗಳಾಗಿತ್ತು. ಕೆಲಸ ಖಾಯಂ ಆಗಲು ಅಸೋಸಿಯೇಷನ್ ಅಧ್ಯಕ್ಷರ ಸಹಿ ಬೇಕಿತ್ತು. ಒಂದು ದೂರೂ ಬಾಕಿ ಉಳಿಯಬಾರದು ಎಂದಿದ್ದರು ಅವರು.

೧. ಹುಡುಕಾಟ

ಒಂದು ಬೆಳಗ್ಗೆ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದರು: “ಲಿಫ್ಟಲ್ಲಿ ದಿನಾ ಅದೇ ಹಾಡು. ಫಸ್ಟ್ ವರ್ಲ್ಡ್ ಪ್ರಾಬ್ಲಮ್.”

ಪ್ರಾಬ್ಲಮ್ ಗೊತ್ತಾಯಿತು. ಫಸ್ಟ್ ವರ್ಲ್ಡ್ ಎಲ್ಲಿದೆ ಅಂತ ಗೊತ್ತಾಗಲಿಲ್ಲ. ನಮ್ಮಲ್ಲಿರುವುದು ಎ, ಬಿ, ಸಿ ಬ್ಲಾಕ್ ಮಾತ್ರ. ಚಿಕ್ಕಬಾಣಾವರದಿಂದ ಬರುವ ನಮ್ಮ ಪ್ಲಂಬರ್‌ನ ಕೇಳಿದೆ.

“ಫಸ್ಟ್ ಫ್ಲೋರ್ ಇರ್ಬೇಕು ಸಾ. ಬೆರಳು ಜಾರೈತೆ ಬುಡಿ.”

ಇಬ್ಬರೂ ಹೋಗಿ ಮೂರೂ ಬ್ಲಾಕಿನ ಮೊದಲ ಮಹಡಿಯ ಬೆಲ್ ಒತ್ತಿ, “ಏನಾದ್ರೂ ಪ್ರಾಬ್ಲಮ್ ಇದೆಯಾ?” ಅಂತ ಕೇಳಿದೆವು. ಹಾಗೆ ಕೇಳಬಾರದು. ಒಂದು ದೂರು ಮುಗಿಸಲು ಹೋದವನು ಹದಿನೇಳು ದೂರು ಹೊತ್ತು ಬಂದೆ.

೨. ಮೇಷ್ಟ್ರ ವಿವರಣೆ

ಬಿ ಬ್ಲಾಕಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರು ಬಿಡಿಸಿ ಹೇಳಿದರು: “ಫಸ್ಟ್ ವರ್ಲ್ಡ್ ಅಂದ್ರೆ ಶ್ರೀಮಂತ ದೇಶಗಳು. ಅಲ್ಲಿ ನೀರು, ಕರೆಂಟು ಎಲ್ಲಾ ಇರುತ್ತೆ. ಅದಕ್ಕೇ ಸಣ್ಣಪುಟ್ಟ ಕೊರಗನ್ನ ಫಸ್ಟ್ ವರ್ಲ್ಡ್ ಪ್ರಾಬ್ಲಮ್ ಅಂತ ತಮಾಷೆ ಮಾಡ್ತಾರೆ. ಥರ್ಡ್ ವರ್ಲ್ಡ್ ಅಂದ್ರೆ ನಾವು.”

“ಎರಡನೇದು, ಸಾರ್?”

“ಇತ್ತು. ಈಗ ಯಾರೂ ಹಾಗನ್ನಲ್ಲ.”

ಪ್ಲಂಬರ್ ಯೋಚನೆಗೆ ಬಿದ್ದ. “ಫಸ್ಟ್ ವರ್ಲ್ಡ್ ವಾರು ಆಯ್ತು, ಸೆಕೆಂಡ್ ವರ್ಲ್ಡ್ ವಾರು ಆಯ್ತು. ಥರ್ಡ್ ವರ್ಲ್ಡ್ ವಾರು ಅಂತಾರಲ್ಲ, ಅದು ನಮ್ಮ ಕಡೇದಾ ಸಾ?”

ಮೇಷ್ಟ್ರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ಅದು ಬೇರೆ ಕಣಯ್ಯ.”

ಪ್ಲಂಬರ್‌ಗೆ ನಂಬಿಕೆ ಬರಲಿಲ್ಲ. “ಯಾವದಕ್ಕೂ ಮೋಟ್ರು ರಿಪೇರಿ ಈ ವಾರಾನೇ ಮುಗಿಸಾಣ ಬುಡಿ ಸಾ” ಅಂದ.

೩. ವಿಂಗಡಣೆ

ನನಗೆ ಅರ್ಥವಾಗಿದ್ದಿಷ್ಟು: ಕಾಯಬಹುದಾದದ್ದು ಫಸ್ಟ್ ವರ್ಲ್ಡ್, ತಕ್ಷಣ ಆಗಬೇಕಾದದ್ದು ಥರ್ಡ್ ವರ್ಲ್ಡ್. ದೂರಿನ ಪುಸ್ತಕದಲ್ಲಿ ಹಾಗೇ ಎರಡು ಪಟ್ಟಿ ಮಾಡಿದೆ. ಪ್ಲಂಬರ್‌ಗೂ ಹೇಳಿದೆ: ಥರ್ಡ್ ವರ್ಲ್ಡ್ ಮೊದಲು, ಫಸ್ಟ್ ವರ್ಲ್ಡ್ ಆಮೇಲೆ. ಹೇಳಿದ್ದೇನೋ ಸರಿಯಾಗೇ ಇತ್ತು, ಕೇಳುವಾಗ ಮಾತ್ರ ತಲೆಕೆಳಗು.

ಸಹಿ ಹಾಕುವ ಮೊದಲು ಅಧ್ಯಕ್ಷರು ಪುಸ್ತಕ ತರಿಸಿಕೊಂಡರು. ಅವರದು ಎ ಬ್ಲಾಕಿನ ಮೇಲಿನ ಮಹಡಿ, ಇಡೀ ಮಹಡಿಗೆ ಒಂದೇ ಮನೆ. ಅಲ್ಲಿ ಬಾತ್‌ರೂಮಿಗೆ ನೀರು ಸರಿಯಾಗಿ ಏರುತ್ತಿರಲಿಲ್ಲ.

“ಏನ್ರೀ ಇದು, ನನ್ನ ಮನೆ ಥರ್ಡ್ ವರ್ಲ್ಡಾ?”

“ಅರ್ಜೆಂಟ್ ಅಂತ, ಸಾರ್...”

“ಅರ್ಜೆಂಟೋ ಗಿರ್ಜೆಂಟೋ. ನಾಲ್ಕು ಜನ ನೋಡೋ ಪುಸ್ತಕ. ಫಸ್ಟ್ ವರ್ಲ್ಡ್‌ಗೆ ಹಾಕ್ರೀ. ಸಹಿ ಆಮೇಲೆ ನೋಡೋಣ.”

ಅಲ್ಲೇ ಹೊಡೆದು ಹಾಕಿ, ಪಕ್ಕದ ಪಟ್ಟಿಗೆ ಬರೆದೆ. ಪ್ಲಂಬರ್ ಪುಸ್ತಕ ನೋಡಿಯೇ ಕೆಲಸ ಮಾಡುವವನು. ಮೂರು ದಿನ ಅವರ ಮನೆ ಕಡೆ ತಲೆ ಹಾಕಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಅಧ್ಯಕ್ಷರ ಫೋನು. ಕೆಲಸ ಹೋಯಿತು ಅಂದುಕೊಂಡೇ ಎತ್ತಿದೆ.

“ಕಾಗದಕ್ಕೆ ಸಹಿ ಹಾಕಿದೀನಿ, ಬಂದು ತಗೊಂಡ್ಹೋಗಿ” ಅಂದರು. ಆಮೇಲೆ ದನಿ ತಗ್ಗಿಸಿ, “ಮೈಯೆಲ್ಲಾ ಸೋಪು ಕಣ್ರೀ. ದಯವಿಟ್ಟು ನಮ್ಮನ್ನ ವಾಪಸ್ ಥರ್ಡ್ ವರ್ಲ್ಡ್‌ಗೆ ಸೇರಿಸ್ಕೊಳ್ಳಿ.”

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಎರಡರಲ್ಲಿ ಯಾವುದು ಮೇಲು ಎಂದರೆ, ನೀರು ಬರದಿದ್ದಾಗ ಥರ್ಡ್ ವರ್ಲ್ಡೇ ಮೇಲು. ನೀರು ಬಂದ ಮೇಲೆ ಮಾತ್ರ... ಒಂದು ನಿಮಿಷ ಇರಿ, ಸಿ ಬ್ಲಾಕಿನಿಂದ ಕರೀತಿದ್ದಾರೆ.